ಒಂದೇ ಕೋವಿ, ಎರಡು ಬೇಟೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗ್ರಾಮಾಂತರ ಪ್ರದೇಶಗಳಲ್ಲಿ ಎರಡು ಬಗೆಯ ಬೇಟೆ ಬಹುಕಾಲದಿಂದ ರೂಢಿಯಲ್ಲಿದೆ. ಮೊದಲನೆಯದು ‘ವಾರ್ಮಿಂಟ್’ ಎಂದು ಅಲ್ಲಿಯ ಜನರು ಕರೆಯುವ ಉಪದ್ರವಿ ಪ್ರಾಣಿಗಳದು. ಹೊಲದಲ್ಲಿ ಬಿಲ ತೋಡಿ ಬೆಳೆಯನ್ನು ತಿನ್ನುವ ವುಡ್‌ಚಕ್, ಹೆಸರಿಗೆ ಮಾತ್ರ ನಾಯಿಯಾಗಿ ಜಾತಿಯಿಂದ ಅಳಿಲಿನ ಬಳಗಕ್ಕೆ ಸೇರಿದ ಪ್ರೇರಿ ನಾಯಿ, ಕುರಿಮರಿಗಳನ್ನು ಹೊತ್ತೊಯ್ಯುವ ಕೊಯೋಟ್ ಇವೆಲ್ಲ ಆ ವರ್ಗದವು. ಎರಡನೆಯದು ಜಿಂಕೆಯ ಬೇಟೆ. ತೋಳಗಳು ನಿರ್ಮೂಲವಾದ ಆ ಸೀಮೆಗಳಲ್ಲಿ ಬಿಳಿಬಾಲದ ಜಿಂಕೆಯ ಸಂಖ್ಯೆಯನ್ನು ಹತೋಟಿಯಲ್ಲಿಡುವುದು ಬಹುಮಟ್ಟಿಗೆ ಬೇಟೆಗಾರನ ಪಾಲಿಗೆ ಬಂದಿದೆ. ಸರಕಾರವು ಋತುವನ್ನು ಗೊತ್ತುಮಾಡಿ ಪರವಾನಗಿ ಕೊಡುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಜಿಂಕೆಯ ಬೇಟೆ ಅಪರಾಧವಾಗಿದೆ. ಆದುದರಿಂದ ಈ ಲೇಖನವನ್ನು ಓದಿದ ವಿದ್ಯಾರ್ಥಿಯು ಕೋವಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಭೌತವಿಜ್ಞಾನದ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡರೆ ಸಾಕು.

ಈ ಎರಡು ಬೇಟೆಗಳಿಗೂ ಒಂದೇ ಕೋವಿ ಸಾಕಾಗಬಲ್ಲುದೆ? ಎರಡು ಕೋವಿಗಳನ್ನು ಕೊಳ್ಳಲಾರದ ರೈತನು ಕೇಳುವ ಈ ಪ್ರಶ್ನೆ ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆ. ವಾಸ್ತವವಾಗಿ ಅದು ಯಂತ್ರಶಾಸ್ತ್ರದ್ದು. ವುಡ್‌ಚಕ್ಕಿನ ತೂಕ ಹೆಚ್ಚೆಂದರೆ ಐದಾರು ಕಿಲೋಗ್ರಾಂ. ಬೆಳೆದ ಗಂಡು ಜಿಂಕೆಯದು ಅದರ ಹದಿನೈದು ಇಪ್ಪತ್ತು ಪಟ್ಟು. ಮೊದಲನೆಯದರ ಮರ್ಮಸ್ಥಾನ ಮುಷ್ಟಿಯಷ್ಟು ಚಿಕ್ಕದು, ಅದೂ ಇನ್ನೂರು ಮುನ್ನೂರು ಗಜಗಳಾಚೆ. ಅಲ್ಲಿ ಬೇಕಾದುದು ನೇರವಾದ ಹಾರಾಟ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳು ಊಟದ ತಟ್ಟೆಯಷ್ಟು ಅಗಲವಾಗಿದ್ದರೂ ಚರ್ಮ, ಸ್ನಾಯು, ಪಕ್ಕೆಲುಬುಗಳ ಹಿಂದೆ ಅಡಗಿವೆ. ಅಲ್ಲಿ ಬೇಕಾದುದು ಒಳಹೊಗುವ ಬಲ. ಗುಂಡು ಅಲ್ಲಿಯವರೆಗೆ ತಲಪದಿದ್ದರೆ ಪ್ರಾಣಿಯು ಸಾಯದೆ, ಬದುಕದೆ, ಕಾಡಿನೊಳಗೆ ಓಡಿ ದಿನಗಟ್ಟಲೆ ನರಳುತ್ತದೆ. ಕ್ಯಾಲಿಬರಿನ ಆಯ್ಕೆಯನ್ನು ಕುರಿತು ಅಲ್ಲಿಯ ಬೇಟೆಗಾರರು ಇಷ್ಟೊಂದು ವಾದಿಸುವುದಕ್ಕೆ ಇದೇ ನಿಜವಾದ ಕಾರಣ. ಇರಬೇಕಾದ ಕಾರಣವೂ ಇದೇ.

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಅಂಗುಲದ ದಶಮಾಂಶದಲ್ಲಿ ಅದನ್ನು ಹೇಳುವುದು ಇಂಗ್ಲೆಂಡ್ ಮತ್ತು ಅಮೆರಿಕಾಗಳ ವಾಡಿಕೆ. ಗುಂಡಿನ ತೂಕವನ್ನು ‘ಗ್ರೇನ್’ ಎಂಬ ಹಳೆಯ ಮಾನದಲ್ಲಿ ಅಳೆಯುತ್ತಾರೆ. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ.

ಈಗ ಎರಡು ಪ್ರಸಿದ್ಧ ತೋಟಾಗಳನ್ನು ಎದುರುಬದುರಾಗಿ ಇಟ್ಟು ನೋಡೋಣ. 1895ರಲ್ಲಿ ಬಂದ .30-30 ವಿಂಚೆಸ್ಟರ್ ತೋಟಾದಿಂದ 150 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 728 ಮೀಟರ್ ವೇಗದಿಂದ ಹೊರಡುತ್ತದೆ. 1935ರಲ್ಲಿ ಅದೇ ಸಂಸ್ಥೆ ಹೊರತಂದ .220 ಸ್ವಿಫ್ಟ್ ತೋಟಾದ 48 ಗ್ರೇನಿನ ಹಗುರ ಗುಂಡು ಸೆಕೆಂಡಿಗೆ ಸುಮಾರು 1253 ಮೀಟರ್ ವೇಗದಿಂದ ಹೊರಡುತ್ತದೆ. ಚಲನಶಕ್ತಿಯು ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು ಎಂಬುದನ್ನು ಬಲ್ಲ ವಿದ್ಯಾರ್ಥಿಯು ಲೆಕ್ಕ ಮಾಡಿ ನೋಡಲಿ. ಮೊದಲನೆಯದಕ್ಕೆ ಸುಮಾರು 2580 ಜೂಲ್. ಎರಡನೆಯದಕ್ಕೆ ಸುಮಾರು 2440 ಜೂಲ್. ಹೆಚ್ಚು ಕಡಮೆ ಸಮವೆಂದೇ ಹೇಳಬೇಕು. ಆದರೂ .30-30 ತಲೆಮಾರುಗಳಿಂದ ಜಿಂಕೆಯ ಕೋವಿಯೆಂದು ಹೆಸರಾಗಿದೆ. ಸ್ವಿಫ್ಟ್ ಉಪದ್ರವಿ ಪ್ರಾಣಿಗಳ ಕೋವಿಯಾಗಿಯೇ ಉಳಿದಿದೆ. ಶಕ್ತಿ ಸಮವಾಗಿದ್ದರೂ ಪರಿಣಾಮ ಬೇರೆಯಾದುದು ಹೇಗೆ?

ಗುಂಡು ಒಳಹೊಗಬೇಕಾದರೆ ಅದರ ಬೆನ್ನ ಹಿಂದೆ ಎಷ್ಟು ರಾಶಿ ಇದೆ, ಆ ರಾಶಿ ಎಷ್ಟು ಅಗಲದ ಮೂತಿಯ ಮೇಲೆ ಹಂಚಿದೆ ಎಂಬುದು ಮುಖ್ಯ. ಮೊಳೆಯನ್ನು ಮರಕ್ಕೆ ಹೊಡೆಯುವ ಬಡಗಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರಾಶಿಯನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸ್ವಿಫ್ಟ್ ಗುಂಡಿನ ಪ್ರತಿ ಚದರ ಮಿಲಿಮೀಟರಿನ ಹಿಂದೆ ಸುಮಾರು 122 ಮಿಲಿಗ್ರಾಂ ದೊರೆಯುತ್ತದೆ; .30-30 ಗುಂಡಿನ ಹಿಂದೆ 203 ಮಿಲಿಗ್ರಾಂ. ಹಗುರ ಗುಂಡು ತನ್ನ ಶಕ್ತಿಯನ್ನೆಲ್ಲ ಚರ್ಮದ ಸಮೀಪದಲ್ಲೇ ಚೆಲ್ಲಿಬಿಡುತ್ತದೆ. ಭಾರದ ಗುಂಡು ಅದನ್ನು ಒಳಕ್ಕೆ ಕೊಂಡೊಯ್ಯುತ್ತದೆ.

ಹಾಗಾದರೆ .30-30 ಕೋವಿಯಿಂದಲೇ ವುಡ್‌ಚಕ್ಕನ್ನೂ ಹೊಡೆಯಬಾರದೇಕೆ? ಇಲ್ಲಿ ಗುರುತ್ವಾಕರ್ಷಣವು ಅಡ್ಡ ಬರುತ್ತದೆ. ಕೋವಿಯಿಂದ ಹೊರಟ ಗುಂಡೂ ಕೈಯಿಂದ ಜಾರಿದ ಕಲ್ಲೂ ಸಮಾನ ಕಾಲದಲ್ಲಿ ಸಮಾನ ದೂರ ಕೆಳಗಿಳಿಯುತ್ತವೆ. ಗೆಲಿಲಿಯೋ ತೋರಿಸಿದ ಈ ನಿಯಮಕ್ಕೆ ವೇಗದ ಗರ್ವ ನಡೆಯದು. ವೇಗದಿಂದ ಆಗುವ ಲಾಭ ಒಂದೇ: ಬೀಳುವುದಕ್ಕೆ ಸಿಗುವ ಕಾಲ ಕಡಮೆಯಾಗುತ್ತದೆ. .30-30ರ ಮೊಂಡುಮೂಗಿನ ಗುಂಡು ಗಾಳಿಯ ತಡೆಯಿಂದ ಬೇಗ ನಿಧಾನವಾಗಿ, 200 ಗಜಗಳನ್ನು ದಾಟಲು ಸುಮಾರು 0.3 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅದು ನಳಿಗೆಯ ರೇಖೆಯಿಂದ ಸುಮಾರು 44 ಸೆಂಟಿಮೀಟರ್ ಇಳಿದಿರುತ್ತದೆ. ಸೆಕೆಂಡಿಗೆ 900 ಮೀಟರ್ ವೇಗದ ಮೊನಚು ಗುಂಡು ಅದೇ ದೂರವನ್ನು ಸುಮಾರು 0.22 ಸೆಕೆಂಡಿನಲ್ಲಿ ದಾಟಿ 24 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ದೂರವನ್ನು ಕಣ್ಣಳತೆಯಿಂದ ಅಂದಾಜು ಮಾಡುವಾಗ ಹತ್ತಿಪ್ಪತ್ತು ಗಜಗಳ ತಪ್ಪು ಸಹಜ. ಇಳಿಜಾರು ಕಡಿದಾದಷ್ಟೂ ಆ ತಪ್ಪಿಗೆ ತೆರಬೇಕಾದ ದಂಡ ಹೆಚ್ಚು.

ಆದುದರಿಂದ ಬೇಕಾದ ಗುಂಡು ಎರಡರ ನಡುವಿನದು: ವೇಗವುಳ್ಳದ್ದು, ಕಿರಿದಾದದ್ದು, ಆದರೆ ಉದ್ದವಾಗಿ ತೂಕವುಳ್ಳದ್ದು. ಈ ದಿಕ್ಕಿನಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ ಚಾರ್ಲ್ಸ್ ನ್ಯೂಟನ್ ಪ್ರಮುಖನು. ಸ್ಯಾವೇಜ್ ಸಂಸ್ಥೆಗಾಗಿ ಆತನು ರೂಪಿಸಿದ .250-3000 ತೋಟಾ 1915ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ 87 ಗ್ರೇನಿನ ಗುಂಡು ಸೆಕೆಂಡಿಗೆ 3000 ಅಡಿ ಹೋಗುತ್ತಿದ್ದುದೇ ಆ ಹೆಸರಿನ ಮೂಲ. 1934ರಲ್ಲಿ ರೆಮಿಂಗ್ಟನ್ ಸಂಸ್ಥೆಯ .257 ರಾಬರ್ಟ್ಸ್ ಬಂದಿತು. ಎರಡೂ ಒಳ್ಳೆಯ ತೋಟಾಗಳೇ. ಆದರೆ ನಮ್ಮ ಪ್ರಶ್ನೆಗೆ ಅತ್ಯಂತ ಸ್ವಾರಸ್ಯವಾದ ಉತ್ತರ ದೊರೆತುದು 1955ರಲ್ಲಿ, ಎರಡು ಸಂಸ್ಥೆಗಳು ಒಂದೇ ವರ್ಷ ಒಂದೇ ವ್ಯಾಸದ ಗುಂಡನ್ನು ಆಯ್ದುಕೊಂಡಾಗ.

ವಿಂಚೆಸ್ಟರ್ ಸಂಸ್ಥೆಯು ತನ್ನ .308 ತೋಟಾದ ಕೊರಳನ್ನು ಕಿರಿದುಮಾಡಿ .243 ಎಂಬ ತೋಟಾವನ್ನು ಹೊರತಂದಿತು. ರೆಮಿಂಗ್ಟನ್ ಸಂಸ್ಥೆಯು .257 ರಾಬರ್ಟ್ಸ್ ತೋಟಾದ ಕೊರಳನ್ನು ಕಿರಿದುಮಾಡಿ .244 ಎಂಬುದನ್ನು ತಂದಿತು. ಹೆಸರುಗಳಲ್ಲಿ ಅಂಗುಲದ ಸಾವಿರದ ಒಂದಂಶ ವ್ಯತ್ಯಾಸ ಕಂಡರೂ ಎರಡರ ಗುಂಡಿನ ವ್ಯಾಸವೂ 0.243 ಅಂಗುಲವೇ, ಅಂದರೆ ಸುಮಾರು 6.2 ಮಿಲಿಮೀಟರ್. ವ್ಯಾಪಾರಿಗಳ ನಾಮಕರಣವನ್ನು ನಂಬಿ ಗಣಿತ ಮಾಡಬಾರದು! ರೆಮಿಂಗ್ಟನ್ನಿನ ತೋಟಾದಲ್ಲಿ ಮದ್ದಿಗೆ ತುಸು ಹೆಚ್ಚು ಸ್ಥಳವಿದ್ದು, ಅದು ಒಂದು ಕೂದಲೆಳೆಯಷ್ಟು ಮೇಲೆಂದೇ ಹೇಳಬಹುದಾಗಿತ್ತು. ಆದರೂ ಅದು ಸೋತಿತು. ಸೋಲಿನ ಕಾರಣ ತೋಟಾದಲ್ಲಿರಲಿಲ್ಲ. ನಳಿಗೆಯಲ್ಲಿ ಕೊರೆದ ಗೆರೆಗಳಲ್ಲಿತ್ತು.

ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಅವು ಗುಂಡನ್ನು ಕಚ್ಚಿ ತಿರುಗಿಸುತ್ತವೆ. ತಿರುಗದ ಬುಗುರಿ ಉರುಳುವಂತೆ ತಿರುಗದ ಉದ್ದಗುಂಡು ಗಾಳಿಯಲ್ಲಿ ಲಾಗ ಹಾಕುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ಮೂತಿಯನ್ನು ಮುಂದೆ ಮಾಡಿಕೊಂಡೇ ಸಾಗುತ್ತದೆ. 10 ಅಂಗುಲಕ್ಕೆ ಒಂದು ಸುತ್ತು ಬರುವ ನಳಿಗೆಯಿಂದ ಸೆಕೆಂಡಿಗೆ 902 ಮೀಟರ್ ವೇಗದಿಂದ ಹೊರಟ ಗುಂಡು ಒಂದು ಸೆಕೆಂಡಿಗೆ 3550 ಸುತ್ತು ತಿರುಗುತ್ತಿರುತ್ತದೆ. ಒಂದು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳಿಗೂ ಮೇಲಾಯಿತು. ಗುಂಡು ಉದ್ದವಾದಷ್ಟೂ ಗಾಳಿ ಅದನ್ನು ಮಗುಚುವ ಸನ್ನೆಯ ತೋಳು ಉದ್ದವಾಗುತ್ತದೆ. ಆದುದರಿಂದ ಹೆಚ್ಚು ತಿರುಗು ಬೇಕು, ಎಂದರೆ ಒಂದು ಸುತ್ತಿಗೆ ತಗಲುವ ಅಂಗುಲಗಳು ಕಡಮೆಯಾಗಬೇಕು.

ಎಷ್ಟು ಕಡಮೆ? ಇಂಗ್ಲೆಂಡಿನ ವುಲಿಚ್‌ನಲ್ಲಿ ಫಿರಂಗಿದಳದ ಕಾಲೇಜಿನ ಗಣಿತ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸುಲಭ ಸೂತ್ರವನ್ನು ಕೊಟ್ಟನು. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಒಂದು ಸುತ್ತಿಗೆ ಬೇಕಾದ ಅಂಗುಲಗಳು ಬರುತ್ತವೆ. ವೇಗ ಬಹಳ ಹೆಚ್ಚಾಗಿದ್ದರೆ 150ರ ಬದಲು 180 ಹಾಕುವುದು ರೂಢಿ. ನಮ್ಮ ಗುಂಡಿಗೆ ಇದನ್ನು ಅನ್ವಯಿಸೋಣ. 0.243ರ ವರ್ಗ 0.059, ಅದನ್ನು 180ರಿಂದ ಗುಣಿಸಿದರೆ ಸುಮಾರು 10.6. 12 ಅಂಗುಲಕ್ಕೊಂದು ಸುತ್ತಿನ ನಳಿಗೆಯಲ್ಲಿ ಸ್ಥಿರವಾಗಿ ಹಾರಬಲ್ಲ ಗುಂಡಿನ ಉದ್ದ 10.6 ಭಾಗಿಸು 12, ಎಂದರೆ ಅಂಗುಲದ 0.88 ಅಂಶ, ಸುಮಾರು 22 ಮಿಲಿಮೀಟರ್. 10 ಅಂಗುಲದ ನಳಿಗೆಯಲ್ಲಾದರೋ ಸುಮಾರು 27 ಮಿಲಿಮೀಟರ್.

ರೆಮಿಂಗ್ಟನ್ ಸಂಸ್ಥೆಯು ಆಯ್ದುದು 12. ವಿಂಚೆಸ್ಟರ್ ಆಯ್ದುದು 10. ಮೊದಲನೆಯವರು ತಮ್ಮ ಗಿರಾಕಿಯು ಮುಖ್ಯವಾಗಿ ವುಡ್‌ಚಕ್ ಬೇಟೆಗಾರನೆಂದು ಭಾವಿಸಿ, 75 ಮತ್ತು 90 ಗ್ರೇನಿನ ಗಿಡ್ಡ ಗುಂಡುಗಳಿಗೆ ನಳಿಗೆಯನ್ನು ಹೊಂದಿಸಿದರು. ಎರಡನೆಯವರು 80 ಗ್ರೇನಿನದನ್ನು ಉಪದ್ರವಿಗಳಿಗೂ 100 ಗ್ರೇನಿನದನ್ನು ಜಿಂಕೆಗೂ ಎಂದು ಎರಡನ್ನೂ ಒದಗಿಸಿದರು. 100 ಗ್ರೇನಿನ ಮೊನಚು ಗುಂಡಿನ ಉದ್ದ ಸುಮಾರು 25 ಮಿಲಿಮೀಟರ್. ಗ್ರೀನ್‌ಹಿಲ್ಲನ ಲೆಕ್ಕ ಇಲ್ಲಿಯೇ ತೀರ್ಪು ಕೊಟ್ಟುಬಿಟ್ಟಿತು. ಜನರು ಒಂದೇ ಕೋವಿಯಿಂದ ಎರಡು ಕೆಲಸವನ್ನೂ ಬಯಸಿದ್ದರು; ಅದನ್ನು ಮಾಡಿಕೊಟ್ಟುದು .243. ರೆಮಿಂಗ್ಟನ್ ಸಂಸ್ಥೆ ಸುತ್ತನ್ನು 9 ಅಂಗುಲಕ್ಕೆ ಬದಲಾಯಿಸಿ 1963ರಲ್ಲಿ ‘6 ಎಂ.ಎಂ. ರೆಮಿಂಗ್ಟನ್’ ಎಂದು ಹೊಸ ಹೆಸರಿಟ್ಟರೂ ಕಳೆದ ನೆಲ ಮರಳಿ ಬರಲಿಲ್ಲ.

.243ರ 100 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 902 ಮೀಟರ್ ವೇಗದಿಂದ ಹೊರಡುತ್ತದೆ. ಶಕ್ತಿ ಸುಮಾರು 2640 ಜೂಲ್. ಪ್ರತಿ ಚದರ ಮಿಲಿಮೀಟರಿನ ಹಿಂದೆ 217 ಮಿಲಿಗ್ರಾಂ ಇದೆ. .30-30ರ 203ನ್ನು ಇದರೊಡನೆ ಹೋಲಿಸಿ ನೋಡಿ. ಕಿರಿದಾದ ಗುಂಡು ಹಿರಿದಾದ ಗುಂಡಿಗಿಂತ ಈ ಲೆಕ್ಕದಲ್ಲಿ ಮುಂದಿದೆ. ಹಿಂದೊದೆತವೂ ಕಡಮೆ. ಗುಂಡಿನ ಮತ್ತು ಮದ್ದಿನ ಅನಿಲದ ಸಂವೇಗಗಳೆರಡನ್ನೂ ಸೇರಿಸಿದರೆ, ಮೂರೂವರೆ ಕಿಲೋಗ್ರಾಮಿನ ಕೋವಿ ಸುಮಾರು 12 ಜೂಲ್ ಶಕ್ತಿಯಿಂದ ಭುಜಕ್ಕೆ ಒದೆಯುತ್ತದೆ. ಅದೇ ತೂಕದ .30-06 ಕೋವಿ 180 ಗ್ರೇನಿನ ಗುಂಡಿನೊಡನೆ ಅದರ ಇಮ್ಮಡಿಗೂ ಮೇಲೆ ಒದೆಯುತ್ತದೆ. ಇದು ಸುಖದ ಮಾತು ಮಾತ್ರವಲ್ಲ. ಒದೆತಕ್ಕೆ ಅಂಜುವವನು ಕುದುರೆಯನ್ನು ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಗುರಿ ಜಾರುತ್ತದೆ. ತಪ್ಪಿದ ದೊಡ್ಡ ಗುಂಡಿಗಿಂತ ತಗಲಿದ ಚಿಕ್ಕ ಗುಂಡು ಜಿಂಕೆಗೂ ಮೇಲು.

ಆದರೆ ಕೋವಿ ಒಂದೇ ಆದರೂ ಗುಂಡು ಒಂದೇ ಅಲ್ಲ. ಉಪದ್ರವಿಗಳಿಗಾಗಿ ಮಾಡಿದ ಗುಂಡಿನ ತಾಮ್ರಮಿಶ್ರ ಕವಚ ಬಹಳ ತೆಳು. ಅದು ತಾಗಿದೊಡನೆ ಪುಡಿಯಾಗುವಂತೆ ಬೇಕೆಂದೇ ಮಾಡಿರುತ್ತಾರೆ. ಕಲ್ಲಿಗೆ ತಾಗಿ ಸಿಡಿದು ಬೇರೆ ಕಡೆ ಹಾರುವ ಅಪಾಯವೂ ಇದರಿಂದ ತಗ್ಗುತ್ತದೆ. ಜಿಂಕೆಯ ಗುಂಡಿನ ಕವಚ ದಪ್ಪ, ಮೂತಿಯಲ್ಲಿ ಮಾತ್ರ ಮೆತ್ತನೆಯ ಸೀಸ ಹೊರಗಿರುತ್ತದೆ. ಅದು ಅಣಬೆಯಂತೆ ಅರಳಿಕೊಂಡು ಒಡೆಯದೆ ಮುಂದೆ ಹೋಗುತ್ತದೆ. ಪೆಟ್ಟಿಗೆಯನ್ನು ಬದಲಿಸಿಕೊಂಡು ಮೊದಲನೆಯದನ್ನು ಜಿಂಕೆಯ ಭುಜಕ್ಕೆ ಹೊಡೆದರೆ ಮೇಲೆ ಭೀಕರವಾದ, ಒಳಗೆ ಆಳವಿಲ್ಲದ ಗಾಯವಾಗುತ್ತದೆ. ಇಂಥ ಗಾಯಗಳ ಅಪಕೀರ್ತಿಯನ್ನು ಕ್ಯಾಲಿಬರಿನ ಮೇಲೆ ಹೊರಿಸುವವರು ಬಹಳ ಮಂದಿ. ನನ್ನ ಎಣಿಕೆಯಲ್ಲಿ ಅದು ಅನ್ಯಾಯ.

ಶಾಸನಗಳೂ ಈ ಗಡಿಯ ಸುತ್ತಲೇ ಸುಳಿಯುತ್ತವೆ. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯು .240 ಅಂಗುಲಕ್ಕಿಂತ ಕಿರಿದಾದ ಅಥವಾ 2305 ಜೂಲಿಗಿಂತ ಕಡಮೆ ಶಕ್ತಿಯ ರೈಫಲನ್ನು ಸಾಮಾನ್ಯವಾಗಿ ಜಿಂಕೆಗೆ ಬಳಸಗೊಡುವುದಿಲ್ಲ. ಶಕ್ತಿಯೊಂದನ್ನೇ ಕೇಳಿದ್ದರೆ ಸ್ವಿಫ್ಟ್ ಪಾರಾಗುತ್ತಿತ್ತು. ವ್ಯಾಸವನ್ನೂ ಕೇಳಿದುದರಿಂದ ಅದು ಹೊರಗುಳಿಯಿತು. ಅಮೆರಿಕಾದ ಕೊಲರಾಡೊ ಸಂಸ್ಥಾನವೂ .24 ಕ್ಯಾಲಿಬರನ್ನೇ ಕನಿಷ್ಠವೆಂದು ಇಟ್ಟಿದೆ. ಟೆಕ್ಸಾಸ್ ಮಾತ್ರ ಇದಕ್ಕಿಂತ ಉದಾರಿ.

ಇತ್ತೀಚೆಗೆ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿದೆ. ಸೀಸದ ಗುಂಡಿನ ಚೂರುಗಳು ಬೇಟೆಯ ಕರುಳು ಮಾಂಸಗಳಲ್ಲಿ ಉಳಿದು, ಅದನ್ನು ತಿನ್ನುವ ಹಕ್ಕಿಗಳಿಗೆ ವಿಷವಾಗುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೊರ್ ಎಂಬ ಮಹಾಗೃಧ್ರವು ಈ ವಿಷದಿಂದ ಬಹಳ ನೊಂದಿದೆ. ಆ ಸಂಸ್ಥಾನವು 2013ರಲ್ಲಿ ಕಾಯಿದೆ ಮಾಡಿ, 2019ರ ಜುಲೈ 1ರಿಂದ ಕೋವಿಯ ಬೇಟೆಯಲ್ಲೆಲ್ಲ ಸೀಸವಿಲ್ಲದ ಗುಂಡನ್ನೇ ಬಳಸಬೇಕೆಂದು ವಿಧಿಸಿತು. ಅದರ ಸ್ಥಾನಕ್ಕೆ ಬಂದುದು ತಾಮ್ರ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಅದೇ ವ್ಯಾಸ, ಅದೇ ತೂಕ ಬೇಕೆಂದರೆ ತಾಮ್ರದ ಗುಂಡು ಉದ್ದವಾಗಲೇಬೇಕು. ಉದ್ದವಾದರೆ ಹೆಚ್ಚು ತಿರುಗು ಬೇಕು. ಹೀಗೆ 1955ರ ಪ್ರಶ್ನೆಯೇ ಮತ್ತೊಮ್ಮೆ ಎದುರು ನಿಂತಿದೆ. 10 ಅಂಗುಲದ ಹಳೆಯ .243 ಕೋವಿಯುಳ್ಳವನು 100 ಗ್ರೇನಿನ ಬದಲು 80 ಅಥವಾ 85 ಗ್ರೇನಿನ ತಾಮ್ರದ ಗುಂಡನ್ನು ಆರಿಸಿಕೊಳ್ಳುತ್ತಾನೆ. ಅದು ಒಡೆಯದೆ ತನ್ನ ತೂಕವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದರಿಂದ ಒಳಹೊಗುವುದರಲ್ಲಿ ಕೊರತೆ ಕಾಣುವುದಿಲ್ಲ. ಹೊಸ ಕೋವಿಯನ್ನು ಕೊಳ್ಳುವವನಿಗೆ, 2017ರಲ್ಲಿ ಅಧಿಕೃತವಾಗಿ ಮಾನಿತವಾದ 6 ಎಂ.ಎಂ. ಕ್ರೀಡ್‌ಮೂರ್ ತೋಟಾದ ನಳಿಗೆಗಳು 8 ಅಂಗುಲಕ್ಕೆ ಅಥವಾ ಅದಕ್ಕೂ ಕಡಮೆಗೆ ಒಂದು ಸುತ್ತಿನಂತೆ ಕೊರೆದೇ ಸಿಗುತ್ತವೆ.