ಡಿಸ್ಕಿಗೆ ಗೋಡೆ ಏಕೆ?

ಮನೆ ಕಟ್ಟಿಸುವವನು ಪಾಯ ತೋಡುವ ಮೊದಲೇ ಅಡಿಗೆಮನೆ ಎಲ್ಲಿ, ಉಗ್ರಾಣ ಎಲ್ಲಿ ಎಂದು ನಿಶ್ಚಯಿಸುತ್ತಾನೆ. ಗಣಕಯಂತ್ರದಲ್ಲಿ ಲಿನಕ್ಸ್ ಸ್ಥಾಪಿಸುವವನಿಗೂ ಅದೇ ವಿವೇಕ ಬೇಕು.

ಈ ವಿಂಗಡಣೆ ಹೊಸದೇನಲ್ಲ. ಯುನಿಕ್ಸ್ ಹುಟ್ಟಿದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, 1974ರ ಸುಮಾರಿಗೆ, ವ್ಯವಸ್ಥೆಯ ಮೂಲ ಕೋಶವಿದ್ದ ಡಿಸ್ಕಿನ ಸಾಮರ್ಥ್ಯ ಕೇವಲ 1 ಮೆಗಾಬೈಟ್. ಬಳಕೆದಾರರ ಕಡತಗಳಿಗೆ ಬೇರೆ ಡಿಸ್ಕೇ ಇತ್ತು. ಸ್ಥಳ ಹೇರಳವಾದ ಮೇಲೂ ಆ ಪದ್ಧತಿ ಉಳಿದುಬಂದಿದೆ, ಅದಕ್ಕೆ ಕಾರಣವುಂಟು.

ಇಂದು ಒಂದೇ ಡಿಸ್ಕನ್ನು ಭಾಗ ಮಾಡುತ್ತಾರೆ. ವ್ಯವಸ್ಥೆಗೆ ‘ರೂಟ್’, ಸ್ವಂತ ಕಡತಗಳಿಗೆ ‘ಹೋಮ್’, ಯಂತ್ರದ ದಿನಚರಿಗೆ ‘ವಾರ್’, ಸ್ಮೃತಿ ಸಾಲದಾದಾಗ ನೆರವಿಗೆ ‘ಸ್ವಾಪ್’. ಕೆಟ್ಟ ಕಾರ್ಯಕ್ರಮವೊಂದು ರಾತ್ರಿಯೆಲ್ಲ ದೋಷವರದಿ ಬರೆಯುತ್ತ ಹೋದರೂ ವಾರ್ ಮಾತ್ರ ತುಂಬೀತು. ರೂಟ್ ಭಾಗಕ್ಕೆ ಬಾಧೆಯಿಲ್ಲ. ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸುವಾಗ ಹೋಮ್ ಭಾಗವನ್ನು ಅಳಿಸದೆ ಬಿಟ್ಟರೆ ಮಗುವಿನ ಛಾಯಾಚಿತ್ರವೂ ಮನೆಯ ಲೆಕ್ಕವೂ ಕ್ಷೇಮ.

ಆದರೆ ಗೋಡೆ ಹೆಚ್ಚಾದರೂ ಕಷ್ಟವೇ. ರೂಟ್ ಇಕ್ಕಟ್ಟಾಗಿ ಹೊಸ ಆವೃತ್ತಿಗೆ ಎಡೆಯಿಲ್ಲದಾಗ, ಪಕ್ಕದ ಹೋಮ್ ಭಾಗದಲ್ಲಿ 100 ಗಿಗಾಬೈಟ್ ಬರಿದಾಗಿದ್ದೂ ಫಲವಿಲ್ಲ. ಆದುದರಿಂದ ಬಲ್ಲವರು ‘ಎಲ್‌ವಿಎಂ’ ಎಂಬ ಏರ್ಪಾಡನ್ನು ಬಳಸಿ, ಸ್ವಲ್ಪ ಸ್ಥಳವನ್ನು ಯಾವ ಭಾಗಕ್ಕೂ ಹಂಚದೆ ಕಾದಿಡುತ್ತಾರೆ. ಕೊರತೆ ಬಿದ್ದ ಕಡೆಗೆ ಅದನ್ನು ಆಮೇಲೆ ಕೂಡಿಸಬಹುದು.

ಒಂದು ಮಾತನ್ನು ಮರೆಯಬಾರದು. ಗೋಡೆಗಳೆಷ್ಟಿದ್ದರೂ ಪಾಯ ಒಂದೇ. ಡಿಸ್ಕೇ ಕೆಟ್ಟರೆ ಎಲ್ಲ ಭಾಗಗಳೂ ಒಟ್ಟಿಗೆ ನಾಶವಾಗುತ್ತವೆ. ವಿಭಜನೆಗೆ ಕೈಹಾಕುವ ಮುನ್ನ ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡವನೇ ಜಾಣ.