ಪಾಠ ಮನೆಯಲ್ಲಿ, ಹೋಂವರ್ಕ್ ಶಾಲೆಯಲ್ಲಿ: ಇಳಕಲ್‌ನ ಮಗುವಿಗೆ ಆದೀತೇ?

ಶಿಕ್ಷಕರ ತರಬೇತಿಗಳಲ್ಲಿ ಈಗ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಪಾಠದ ವೀಡಿಯೊವನ್ನು ಮಕ್ಕಳು ಮನೆಯಲ್ಲಿ ನೋಡಿಕೊಂಡು ಬರಬೇಕು, ಲೆಕ್ಕ ಬಿಡಿಸುವುದು, ಸಂಶಯ ಕೇಳುವುದು ಎಲ್ಲ ತರಗತಿಯಲ್ಲಿ. ನಾವು ಕಲಿತದ್ದಕ್ಕೆ ತದ್ವಿರುದ್ಧ. ನಮ್ಮ ಕಾಲದಲ್ಲಿ ಮೇಷ್ಟ್ರು ಬೋರ್ಡಿನ ಮುಂದೆ ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿ, ಮನೆಗೆ ಬಂದು ಹೋಂವರ್ಕ್ ಮುಂದೆ ಕೂತು ಕಣ್ಣು ಕಣ್ಣು ಬಿಡುವುದು.

ಹಾಗೆ ನೋಡಿದರೆ ಮದ್ರಸದವರಿಗೆ ಇದು ಪೂರ್ತಿ ಹೊಸತಲ್ಲ. ಪಳ್ಳಿ ದರ್ಸ್‌ಗಳಲ್ಲಿ ನಾಳೆಯ ಪಾಠವನ್ನು ಮೊದಲೇ ಓದಿಟ್ಟುಕೊಳ್ಳುವ ‘ಮುತಾಲಅ’ ಉಂಟು. ಹಿಫ್ಝ್ ಮಕ್ಕಳು ಸಬಕ್ ಬಾಯಿಪಾಠ ಮಾಡಿ ಬರುತ್ತಾರೆ, ಉಸ್ತಾದರ ಹೊತ್ತೆಲ್ಲ ಕೇಳಿ ತಿದ್ದುವುದಕ್ಕೆ. ಕರಾವಳಿಯಲ್ಲಿ ಉಸ್ತಾದ್, ಬಾಗಲಕೋಟೆ ಕಡೆ ಹಜರತ್, ಕೆಲಸ ಒಂದೇ. ಆದರೆ ದರ್ಸಿನ ಹುಡುಗರು ಪಳ್ಳಿಯಲ್ಲೇ ಉಳಿಯುವವರು. ಓದಲು ಜಾಗ ಉಂಟು, ಹೊತ್ತು ಉಂಟು, ಪಕ್ಕದಲ್ಲಿ ಹಿರಿಯ ವಿದ್ಯಾರ್ಥಿ ಇರುತ್ತಾನೆ.

ಇಳಕಲ್‌ನ ನೇಕಾರರ ಮನೆಯಲ್ಲಿ ಅದೆಲ್ಲಿಂದ ಬರಬೇಕು? ಮನೆಯ ದೊಡ್ಡ ಪಾಲು ಮಗ್ಗಕ್ಕೇ ಹೋಗಿರುತ್ತದೆ. ಅದರ ಸದ್ದಿನ ನಡುವೆ ವೀಡಿಯೊ ಕೇಳಬೇಕು. ಮನೆಗೆ ಒಂದೇ ಫೋನ್, ಅದೂ ಅಪ್ಪನ ಕಿಸೆಯಲ್ಲಿ. ಹಾಗಂತ ಆ ಮನೆಯಲ್ಲಿ ಕಲಿಕೆ ಇಲ್ಲವೆಂದಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸೇರಿಸುವ ‘ಕೊಂಡಿ’ ಕೆಲಸವನ್ನು ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ. ನೋಡುತ್ತಾ ಬೆಳೆದವರು ಹಿರಿಯರ ಪಕ್ಕ ಕೂತು ಕೈಯಾಡಿಸಿ ಕಲಿತದ್ದು. ಎಳೆ ತಪ್ಪಿದಲ್ಲಿ ಆಗಲೇ ತಿದ್ದುತ್ತಾರೆ. (ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸಿ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ!)

2020ರ ಕೊರೊನಾ ಕಾಲವೂ ಇದನ್ನೇ ತೋರಿಸಿತು. ಚಂದನ ಟಿವಿಯಲ್ಲಿ ಪಾಠ ಬಂತು, ಆದರೂ ‘ವಿದ್ಯಾಗಮ’ ಎಂದು ಶಿಕ್ಷಕರು ಊರೂರಿಗೆ ಹೋಗಿ ಮರದಡಿ, ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಬೇಕಾಯಿತು.

ಆದ್ದರಿಂದ ಚಿಕ್ಕ ಮಕ್ಕಳಿಗೆ ಹಳೆಯ ರೀತಿಯೇ ಸಾಕು ಎನ್ನುತ್ತೇವೆ ನಾವು. ಅಕ್ಷರ ಗಂಟಲಿನಿಂದ ಹೊರಟಿತೋ ನಾಲಗೆಯಿಂದಲೋ ಎಂದು ಎದುರು ಕೂತ ಉಸ್ತಾದರಿಗೆ ಗೊತ್ತಾಗುತ್ತದೆ. ವೀಡಿಯೊ ಹೇಳಿಕೊಡುತ್ತದೆ, ಮಗು ಹೇಳಿದ್ದನ್ನು ಕೇಳುವುದಿಲ್ಲ. ಹೈಸ್ಕೂಲಿನ ಗಣಿತ, ವಿಜ್ಞಾನಕ್ಕೆ ಹೊಸ ಕ್ರಮ ಒಳ್ಳೆಯದೇ. ಆದರೆ ವೀಡಿಯೊವನ್ನು ಮನೆಗೆ ಕಳಿಸುವ ಬದಲು ಶಾಲೆಯಲ್ಲೇ ಮೊದಲ ಹತ್ತು ನಿಮಿಷ ತೋರಿಸಿ, ಉಳಿದ ಹೊತ್ತು ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಓಡಾಡಲಿ. ಫೋನಿಲ್ಲದ ಮಗುವೂ ಹಿಂದೆ ಬೀಳುವುದಿಲ್ಲ. ವೀಡಿಯೊ ಮಾಡುವ ಹೊತ್ತನ್ನು ಮೇಷ್ಟ್ರ ಕೆಲಸದ ಲೆಕ್ಕಕ್ಕೆ ಹಿಡಿಯಬೇಕು, ಅದನ್ನು ಯಾರೂ ಹೇಳುವುದಿಲ್ಲ.

ಮನೆಗೇ ವೀಡಿಯೊ ಬೇಕಾದವರು ಬೇರೆ ಇದ್ದಾರೆ. ಈ ಕ್ರಮಕ್ಕೆ ಹೆಸರು ತಂದವರು ಅಮೆರಿಕದ ಕೊಲರಾಡೊದ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್. ಆಟೋಟಕ್ಕೆಂದು ದೂರದ ಊರುಗಳಿಗೆ ಹೋಗಿ ತರಗತಿ ತಪ್ಪಿಸಿಕೊಳ್ಳುವ ಮಕ್ಕಳಿಗಾಗಿ 2007ರಲ್ಲಿ ಅವರು ಪಾಠ ರೆಕಾರ್ಡ್ ಮಾಡತೊಡಗಿದರು. ನಮ್ಮಲ್ಲಿ ತರಗತಿ ತಪ್ಪುವುದು ಆಟಕ್ಕಲ್ಲ, ಹೊಟ್ಟೆಗೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಮಂಗಳೂರು, ಉಡುಪಿಗೆ ಕಟ್ಟಡ ಕೆಲಸಕ್ಕೆ ಬರುವವರನ್ನು ನೀವು ದಿನಾ ನೋಡುತ್ತೀರಿ. ಜೊತೆಗೆ ಬಂದ ಮಗು ತಿಂಗಳುಗಟ್ಟಲೆ ಬಿಟ್ಟು ಊರಿಗೆ ಮರಳುವಾಗ ತರಗತಿಯಲ್ಲಿ ಭಿನ್ನರಾಶಿ ಮುಗಿದೇ ಹೋಗಿರುತ್ತದೆ. ತನ್ನ ಮೇಷ್ಟ್ರದೇ ದನಿಯ ಏಳೆಂಟು ನಿಮಿಷದ ಪಾಠ ವಾಟ್ಸ್ಯಾಪಿಗೆ ಬಂದರೆ, ಸಂಜೆ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ ಶೆಡ್ಡಿನಲ್ಲೇ ಕೂತು ನೋಡಬಹುದು. ಅರ್ಥವಾಗದ್ದನ್ನು ಕೇಳಲು ಮೇಷ್ಟ್ರ ನಂಬರ್ ಆ ಫೋನಿನಲ್ಲಿರಬೇಕು, ರಾತ್ರಿ ಎಂಟಕ್ಕೆ ಕರೆ ಬಂದರೂ ಅವರು ಎತ್ತಬೇಕು.