ನೂರು ರೂಪಾಯಿಯಲ್ಲಿ ವಿದ್ಯೆಯ ಪಾಲೆಷ್ಟು?

ಜೂನ್ ತಿಂಗಳು ಬಂತೆಂದರೆ ಪಟ್ಟಣದ ಗೃಹಿಣಿಯ ಲೆಕ್ಕದ ಪುಸ್ತಕ ಏರುಪೇರಾಗುತ್ತದೆ. ಶುಲ್ಕ, ಪುಸ್ತಕ, ಸಮವಸ್ತ್ರ ಇವುಗಳಿಗೆ ಎಷ್ಟು ತೆಗೆದಿಟ್ಟರೂ ಸಾಲದು. ಇಂತಹುದೇ ಒಂದು ಲೆಕ್ಕದ ಪುಸ್ತಕ ಪ್ರತಿಯೊಂದು ಸರ್ಕಾರದಲ್ಲಿಯೂ ಉಂಟು. ಅದರಲ್ಲಿ ವಿದ್ಯೆಯ ಪಾಲೆಷ್ಟೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೆ?

ಹಿಂದೊಮ್ಮೆ ವಿಚಾರಿಸಿದವರು ಗೋಪಾಲಕೃಷ್ಣ ಗೋಖಲೆಯವರು. 1910ರ ಮಾರ್ಚ್ ತಿಂಗಳಲ್ಲಿ ವೈಸರಾಯರ ಶಾಸನಸಭೆಯಲ್ಲಿ ಅವರು, ಪ್ರಾಥಮಿಕ ವಿದ್ಯಾಭ್ಯಾಸಕ್ಕಾಗಿ ದೇಶದೇಶಗಳು ತಲೆಯೊಂದಕ್ಕೆ ಮಾಡುತ್ತಿದ್ದ ವೆಚ್ಚದ ಪಟ್ಟಿಯನ್ನು ಮುಂದಿಟ್ಟರು. ಅಮೆರಿಕದಲ್ಲಿ 16 ಷಿಲಿಂಗ್. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 10 ಷಿಲಿಂಗ್. ಜಪಾನಿನಲ್ಲಿ 1 ಷಿಲಿಂಗ್ 2 ಪೆನ್ಸ್. ಭಾರತದಲ್ಲಿ ಒಂದೇ ಒಂದು ಪೆನ್ನಿ! ಅಂದಿನ ವಿನಿಮಯದಲ್ಲಿ ಪೆನ್ನಿಯೆಂದರೆ ಒಂದಾಣೆ. ಅಮೆರಿಕದ ಹನ್ನೆರಡು ರೂಪಾಯಿಗೆ ನಮ್ಮದು ಒಂದಾಣೆ. ಗೋಖಲೆಯವರು 1911ರಲ್ಲಿ ತಂದ ಕಡ್ಡಾಯ ಶಿಕ್ಷಣದ ಮಸೂದೆ ಮರುವರ್ಷ ಬಿದ್ದುಹೋಯಿತು. ಆದರೆ ಮೈಸೂರು ಸಂಸ್ಥಾನ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿಯೇ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಶಾಸನ ಮಾಡಿತು.

ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ, ರಾಷ್ಟ್ರೀಯ ಆದಾಯದ ನೂರು ರೂಪಾಯಿಯಲ್ಲಿ ಆರು ರೂಪಾಯಿ ವಿದ್ಯೆಗೆ ಸಲ್ಲಬೇಕೆಂದಿತು. 1968, 1986, 2020ರ ಶಿಕ್ಷಣನೀತಿಗಳು ಮೂರೂ ಆ ಆರನ್ನೇ ಜಪಿಸಿದುವು. 2017-18ರಲ್ಲಿ ದೇಶದ ಉತ್ಪನ್ನದಲ್ಲಿ ವಿದ್ಯೆಗೆ ಸಂದದ್ದು ಸುಮಾರು ಶೇಕಡ 4.43.

ಹೊರನಾಡುಗಳ ಸಂಗತಿಯೇನು? ಫಿನ್ಲೆಂಡ್ ಆರರ ಆಸುಪಾಸಿನಲ್ಲಿದೆ. ಕ್ಯೂಬಾ 2010ರಲ್ಲಿ ಹನ್ನೆರಡನ್ನೂ ಮೀರಿತ್ತು. ಜಪಾನಾದರೋ ಮೂರು ನಾಲ್ಕರ ನಡುವೆ. ಹಾಗಾದರೆ ಜಪಾನ್ ನಮಗಿಂತ ಹಿಂದೆಯೆ? ಅಲ್ಲ. ಅಲ್ಲಿಯ ನೂರು ದೊಡ್ಡದು, ಮಕ್ಕಳು ಕಡಮೆ. ನಮ್ಮ ಗಂಗಾಳ ಚಿಕ್ಕದು, ಪಂಕ್ತಿ ಉದ್ದ. ಆದ್ದರಿಂದ ಶೇಕಡದ ಅಂಕೆಯೊಂದನ್ನೇ ನೋಡಿದರೆ ಸಾಲದು. ಮಗುವೊಂದಕ್ಕೆ ಏನು ದೊರೆಯಿತೆಂಬುದನ್ನೂ ನೋಡಬೇಕು.

ಇದನ್ನು ಶಿರಾ ತಾಲ್ಲೂಕಿನ ಮದಲೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೇಮಾವತಿಯ ನೀರು ಮದಲೂರು ಕೆರೆಗೆ ಹರಿಯಬೇಕೆಂಬುದು 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ಅಣೆಕಟ್ಟೆಯಲ್ಲಿ ಎಷ್ಟು ನೀರಿದ್ದರೇನು, ಕಾಲುವೆಯ ಕೊನೆಯ ಕೆರೆಗೆ ಬಂದುದೆಷ್ಟು ಎಂಬುದೇ ಅಲ್ಲಿಯ ರೈತನ ಪ್ರಶ್ನೆ. ವಿದ್ಯೆಯ ಹಣದ ಪಾಡೂ ಅದೇ. ದೆಹಲಿಯಿಂದ ಬರುವುದು ಒಂದು ಪಾಲು. ಬಹುಪಾಲನ್ನು ಹೊರುವುದು ರಾಜ್ಯ ಸರ್ಕಾರ. ಅಲ್ಲಿಂದ ಅದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಇಳಿಯಬೇಕು. ಅಲ್ಲಿಂದ ಹಳ್ಳಿಯ ಶಾಲೆಯನ್ನು ಮುಟ್ಟಬೇಕು. ಉಪಾಧ್ಯಾಯರ ವೇತನ, ಮಧ್ಯಾಹ್ನದ ಊಟ, ಪಠ್ಯಪುಸ್ತಕ, ಕಟ್ಟಡದ ದುರಸ್ತಿ ಎಲ್ಲವೂ ಆ ಒಂದೇ ಕಾಲುವೆಯ ನೀರು.

ನೂರಕ್ಕೆ ಒಂದೂವರೆ ರೂಪಾಯಿ ಕಡಮೆಯಾದರೆ ಏನು ಮುಳುಗಿತು ಎನ್ನಬಹುದು. ಪಟ್ಟಣದ ತಂದೆ ಆ ಕೊರತೆಯನ್ನು ತನ್ನ ಕಿಸೆಯಿಂದ ತುಂಬಿಕೊಳ್ಳುತ್ತಾನೆ. ಜೂನ್ ತಿಂಗಳಿನ ನಮ್ಮ ಗೊಣಗಾಟವೇ ಅದಕ್ಕೆ ಸಾಕ್ಷಿ. ಮದಲೂರಿನ ಕೂಲಿಕಾರನ ಮಗುವಿಗೆ ಸರ್ಕಾರದ ಆ ರೂಪಾಯಿಯೇ ಸರ್ವಸ್ವ. ಮುಂದಿನ ಆಯವ್ಯಯ ಪತ್ರ ಪ್ರಕಟವಾದಾಗ ತೆರಿಗೆಯ ಸಾಲುಗಳನ್ನು ಓದಿದ ಮೇಲೆ ಪತ್ರಿಕೆಯನ್ನು ಮಡಿಸಬೇಡಿ. ವಿದ್ಯೆಯ ಸಾಲನ್ನೂ ಒಮ್ಮೆ ನೋಡಿ.